ಎತ್ತದೆ ಬಿಟ್ಟ ಎಡೆ

ಬೀರಲಿಂಗನ ತೂಕ ಇಳಿಯದಿದ್ದರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರರು ಅವನ ಹೆಂಡತಿ ಯಂಕವ್ವನನ್ನು ಹೊರಗೆ ಕರೆದು ಹೇಳಿದ್ದರು. ಅವನು ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುವವನು. ಸಂಜೆ ಹಳೇ ಹುಬ್ಬಳ್ಳಿಯ ಮನೆಗೆ ಬಂದನೆಂದರೆ ಚೂಡಾ, ಚಕ್ಲಿ, ಖಾರಾಶೇವು. ಉಂಡ ಮೇಲೂ ಕೈ ಡಬ್ಬಿಯಲ್ಲೇ. ಯಂಕವ್ವ ಡಬ್ಬಿಯನ್ನು ಜೋಳದ ಚೀಲದಲ್ಲಿ ಹುಗಿದರೂ ಹುಡುಕಿ ತೆಗೆದ. ಪಕ್ಕದ ಹಾಜರಾಬಿಯ ಮನೆಯಲ್ಲಿಟ್ಟರೆ, "ಅಕ್ಕಾ, ನಮ್ಮನಿ ಕಳವಿನ ಮಾಲು ನಿಮ್ಮಲ್ಲಿ ಐತಂತ," ಎಂದು ಅವಳನ್ನು ನಗಿಸಿ ಇಸಿದುಕೊಂಡು ಬಂದ. ಮಾಡುವುದನ್ನೇ ಬಿಟ್ಟರೆ ಪೇಟೆಯಲ್ಲಿ ಮಿರ್ಚಿಭಜಿ ತಿಂದು ಬರುತ್ತಿದ್ದ.

ತೊಂಬತ್ತೆಂಟರ ಮಹಾನವಮಿ ಅಮಾವಾಸ್ಯೆಗೆ, ಹಿರಿಯರ ಹಬ್ಬಕ್ಕೆ, ಪ್ರತಿ ವರ್ಷದಂತೆ ತೀರಿಹೋದ ಅತ್ತೆ ದುರಗವ್ವನ ಇಳಕಲ್ ಸೀರೆಯನ್ನು ಗೋಡೆಯ ಮಾಡದಲ್ಲಿಟ್ಟು ಎಡೆ ಹಿಡಿದರು. ಎಡೆ ಇಟ್ಟು ಬಾಗಿಲು ಎಳೆದು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಉಣ್ಣುವಷ್ಟು ಹೊತ್ತು ಬಿಟ್ಟು, ಕೆಮ್ಮಿ, ಒಳಗೆ ಹೋಗಿ ಎಡೆ ಎತ್ತಬೇಕು. ಅಲ್ಲಿಯತನಕ ಮನೆಯವರು ತುತ್ತು ಮುಟ್ಟುವಂತಿಲ್ಲ. ಬೀರಲಿಂಗನೋ, ಅವ್ವ ಬದುಕಿದ್ದಾಗಲೂ ಅವಳಿಗಿಂತ ಮೊದಲು ತಾಟಿಗೆ ಕೈ ಹಾಕಿದವನಲ್ಲ.

ಆ ದಿನ ಯಂಕವ್ವ ಚಕ್ಲಿ ತುಂಬಿದ ಡಬ್ಬಿಯನ್ನೂ ಸೀರೆಯ ಮುಂದಿಟ್ಟಳು. ಹೋಳಿಗೆ, ಅನ್ನ ಎಲ್ಲ ಎತ್ತಿದಳು, ಡಬ್ಬಿ ಎತ್ತಲಿಲ್ಲ. ಸಂಜೆ ಅವನ ಕೈ ಅತ್ತ ಹೋದಾಗ ಅರ್ಧ ಚೇಷ್ಟೆಯಲ್ಲಿ ಅಂದಳು:

"ಅವ್ವ ಇನ್ನೂ ತಿನ್ನಾಕತ್ತಾಳ್ರಿ. ಆಕಿ ಏಳೂತನಕ ಮುಟ್ಟಬ್ಯಾಡ್ರಿ."

ಅವನು ಸೀರೆಯನ್ನು ಬಹಳ ಹೊತ್ತು ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ.

ಪೇಟೆಯ ಭಜಿಯೂ ನಿಂತಿತು. ದೀಪಾವಳಿಗೆ ಪ್ಯಾಂಟು ಸಡಿಲಾಯಿತು, ಡಾಕ್ಟರರು ಛಲೋ ಆತು ಎಂದರು. ಯಂಕವ್ವ ಹಾಜರಾಬಿಗೆ ಉಪಾಯ ಹೇಳಿ ನಕ್ಕಳು. ಹಾಜರಾಬಿ ನಗಲಿಲ್ಲ. ಎಡೆಗೆ ಕೂತವರನ್ನು ಎಬ್ಬಿಸದೆ ಬಿಡಬಾರದು ಎಂದಷ್ಟೇ ಹೇಳಿ ತನ್ನ ಕೆಲಸಕ್ಕೆ ಹೋದಳು.

ಆಮೇಲೆ ಅವನು ರೊಟ್ಟಿಯನ್ನೂ ಬಿಡತೊಡಗಿದ. ಮೊದಲು ಅರ್ಧ, ನಂತರ ಬರೀ ಚೂರು. ಮಾಡ ಒರೆಸುವಾಗ ಯಂಕವ್ವನಿಗೆ ಡಬ್ಬಿ ಹಗುರವೆನಿಸಿತು. ಇಲಿ ಎಂದುಕೊಂಡಳು, ಆದರೆ ಮುಚ್ಚಳ ಬಿಗಿಯಾಗಿಯೇ ಇತ್ತು. ಮಧ್ಯಾಹ್ನ, ಗಂಡ ಪೇಟೆಯಲ್ಲಿರುವಾಗ, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತರೆ ಒಳಗಿನಿಂದ ಕಟಂ ಕಟಂ ಎಂದು ಕೇಳುತ್ತಿತ್ತು. ಅರ್ಧ ಹಲ್ಲು ಉದುರಿದವರು ಒಂದೇ ದವಡೆಯಲ್ಲಿ ನಿಧಾನ ಜಗಿದಂತೆ. ಎದ್ದು ಹೋದರೆ ಸುಮ್ಮನಾಗುತ್ತಿತ್ತು. ತನ್ನ ಕಿವಿಯನ್ನೇ ನಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಅವನ ಗಲ್ಲಗಳು ಒಳಸೇರಿದವು. ಬೀರಣ್ಣನನ್ನೇ ಚೀಲದಲ್ಲಿ ತುಂಬಿ ತೂಗಿದರೂ ತೂಕದ ಕಲ್ಲು ಮೇಲೇಳುವುದಿಲ್ಲ ಎಂದು ಪೇಟೆಯ ಹಮಾಲರು ಚೇಷ್ಟೆ ಮಾಡಿದರಂತೆ. ರಕ್ತದಲ್ಲಿ ಏನೂ ದೋಷವಿಲ್ಲ, ಹೀಗೇ ಆದರೆ ಉಳಿಯುವುದಿಲ್ಲ, ಏನಾದರೂ ಮಾಡಿ ಉಣಿಸಿರಿ ಎಂದರು ಡಾಕ್ಟರರು. ಯಂಕವ್ವ ತುತ್ತು ಕಲಸಿ ಬಾಯಿಗೆ ಹಿಡಿದಳು. ಅವನು ಮುಖ ತಿರುಗಿಸಿದ.

"ಅವ್ವ ಕುಂತಾಳಲ್ಲ. ಆಕಿ ಏಳ್ಲಿ."

ಮರುದಿನ ಮುಂಜಾನೆಯೇ ಅವಳು ತಲೆಗೆ ನೀರು ಹಾಕಿಕೊಂಡು ಡಬ್ಬಿ ಎತ್ತಲು ನಿಂತಳು. ಹೊರಗೆ ಬಾ ಎಂದರೆ ಗಂಡ ಸೀರೆಯ ಎದುರಿನಿಂದ ಕದಲಲಿಲ್ಲ. ಅವಳೊಬ್ಬಳೇ ಬಾಗಿಲು ಮುಂದೆ ಮಾಡಿ ಹೊರಗೆ ನಿಂತು, ಕೆಮ್ಮಿದಳು.

ಒಳಗಿನಿಂದ ತಿರುಗಿ ಕೆಮ್ಮು ಕೇಳಿತು. ಹೆಂಗಸಿನ ಕೆಮ್ಮು.

ಬಾಗಿಲು ತೆರೆದಳು. ಬೀರಲಿಂಗ ಒಬ್ಬನೇ ಇದ್ದ. ಅವಳು ಡಬ್ಬಿ ಹಿಡಿದು ಅಲುಗಿಸಿದರೆ ಒಳಗೆ ಏನೂ ಸದ್ದಾಗಲಿಲ್ಲ.

"ಖಾಲಿ ಎಡಿ ಎತ್ತತಾರೇನ?" ಅವನು ಮೆಲ್ಲಗೆ ಅಂದ. "ಹಸದಾಳ ಆಕಿ. ಬಡಸು."

ಯಂಕವ್ವ ಎಣ್ಣೆ ಕಾಯಿಸಿ ಚಕ್ಲಿ ಕರಿದಳು. ಒಂದು ತಾಟು ಸೀರೆಯ ಮುಂದೆ, ಒಂದು ಗಂಡನ ಮುಂದೆ. ಅವನು ಕೈ ಮೊಳಕಾಲ ಮೇಲಿಟ್ಟು ಕಾದ. ಅವಳೂ ಕಾದಳು. ಸೀರೆಯ ಮುಂದಿನ ತಾಟಿನಲ್ಲಿ ಒಂದು ಚಕ್ಲಿ ಟಕ್ ಎಂದು ಎರಡಾಯಿತು.

ಆಗ ಬೀರಲಿಂಗ ತನ್ನ ತಾಟಿಗೆ ಕೈ ಹಾಕಿದ. ಗಬಗಬ ತಿಂದ. ಅವನ ಗಂಟಲು ಏರಿಳಿಯುವುದನ್ನು ನೋಡಿ ಯಂಕವ್ವನ ಕಣ್ಣು ತುಂಬಿ ಬಂತು. ಅವನು ತಲೆ ಎತ್ತಲಿಲ್ಲ.

"ಅವ್ವಗ ಇನ್ನಷ್ಟ ಹಾಕು," ಅಂದ. "ಆಮ್ಯಾಲ ನನಗ."

ಅವಳು ಒಲೆಯ ಕಡೆ ತಿರುಗಿದಳು.