ಕತ್ತಲೆಕೋಟೆಯ ಎರಡನೆಯ ಭಾಗ

ನಾನು ಒಂದು ವಿಡಿಯೊ ಗೇಮಿನ ಡಿಸ್ಕು. ಅದರಲ್ಲೂ ಎರಡನೆಯ ಭಾಗ. ಮೊದಲ ಭಾಗವನ್ನು ಜನ ಮೆಚ್ಚಿದ್ದರಿಂದ ನಾನು ಹುಟ್ಟಿದೆ. ಹುಟ್ಟಿದ ದಿನದಿಂದ ಅದರ ಹೆಸರು ಹೇಳಿಯೇ ನನ್ನನ್ನು ಬೈದರು.

ನನ್ನ ಅಣ್ಣನಂತಿದ್ದ ಆ ಮೊದಲ ಭಾಗದ ಹೆಸರು 'ಕೋಟೆ ಕಾಳಗ'. ಅದರಲ್ಲಿ ಕತ್ತಿ ಹಿಡಿದ ವೀರನೊಬ್ಬ ತನ್ನ ತಂಗಿಯನ್ನು ಹುಡುಕುತ್ತ ಕಾಡು, ಹೊಳೆ, ಸೇತುವೆ ದಾಟಿ ಒಂದು ಕೋಟೆಯ ಬಾಗಿಲಿಗೆ ಬರುತ್ತಾನೆ. ತಂಗಿ ಒಳಗೆ ಸೆರೆಯಲ್ಲಿದ್ದಾಳೆ. ಬಾಗಿಲು ಕಿರ್ರೆಂದು ತೆರೆಯುವಷ್ಟಕ್ಕೆ ಆಟ ಮುಗಿದುಬಿಡುತ್ತದೆ. ಒಳಗೇನಾಯಿತೆಂದು ಹೇಳಬೇಕಾದವನು ನಾನು.

ಹೇಳುವುದಕ್ಕೆ ನನ್ನನ್ನು ಮಾಡಿದವರಿಗೆ ಪುರಸೊತ್ತಿರಲಿಲ್ಲ. ಕೋಟೆಯ ಗೋಡೆಗಳಿಗೆ ಬಣ್ಣವಾಗಿರಲಿಲ್ಲ, ಎಷ್ಟೋ ಕಡೆ ಗೋಡೆಗಳೇ ಇರಲಿಲ್ಲ. "ಹಬ್ಬಕ್ಕೆ ಅಂಗಡೀಲಿ ಇರ್ಲೇಬೇಕು," ಎಂದರು ಕಂಪನಿಯ ಯಜಮಾನರು. "ಕತ್ತಲೆ ಮಾಡ್ಬಿಡ್ರಿ. ಯಾರಿಗೆ ಕಾಣುತ್ತೆ?" ಹಾಗೆ ಮೊದಲ ಮೆಟ್ಟಿಲಿನಿಂದ ಕೊನೆಯವರೆಗೂ ನನ್ನೊಳಗೆ ಕತ್ತಲೆ ಸುರಿದರು. ಕಟ್ಟಕಡೆಯ ಕೋಣೆಯೊಂದನ್ನು ಮಾತ್ರ ಯಾರೋ ಪುಣ್ಯಾತ್ಮ ಮೊದಲೇ ಚೆಂದವಾಗಿ ಮುಗಿಸಿಟ್ಟಿದ್ದ. ಅಲ್ಲಿ ಸಾವಿರ ದೀಪ ಉರಿಯುತ್ತವೆ, ನಡುವೆ ತಂಗಿ ನಿಂತಿರುತ್ತಾಳೆ. ಆದರೆ ಅಲ್ಲಿಗೆ ತಲುಪಿದವರು ಯಾರಿದ್ದಾರೆ?

ನಾನು ಮೊದಲು ಸೇರಿದ್ದು ಹುಬ್ಬಳ್ಳಿಯಲ್ಲಿ ನಜೀರಸಾಬರ ಗೇಮಿನಂಗಡಿಗೆ. ಕಾಲೇಜಿನ ಹುಡುಗರು ಮುಗಿಬಿದ್ದು ಬಂದರು. ಟಿವಿಯ ಬೆಳಕು ಏರಿಸಿದರು, ಕಿಟಕಿಗೆ ಪರದೆ ಎಳೆದರು, ಟಿವಿಯ ಗಾಜಿಗೆ ಮೂಗು ತಾಗಿಸಿ ನೋಡಿದರು. ವೀರ ಮಾತ್ರ ಕಾಣದ ಹಳ್ಳಕ್ಕೆ ಬಿದ್ದು ಸಾಯುತ್ತಲೇ ಇದ್ದ. "ಇದೇನ್ ಗೇಮ ಇದು, ಕರೆಂಟ್ ಹೋದಂಗೈತಿ. ಹಳೇದು ಹಾಕ್ರಿ ಚಾಚಾ," ಎಂದು ಎದ್ದುಹೋದರು. ನಜೀರಸಾಬರು ನನ್ನನ್ನು ಕಪಾಟಿನ ತಳಕ್ಕೆ ಹಾಕಿದರು. ನಾಚಿಕೆಯಿಂದ ನನಗೆ ಸಾಯುವಂತಾಗಿತ್ತು. ಡಿಸ್ಕಿಗೆ ಸಾವು ಅಷ್ಟು ಸುಲಭವಾಗಿ ಬರುವುದಿಲ್ಲ.

ಅಲ್ಲಿಂದ ನನ್ನನ್ನು ಕೊಂಡೊಯ್ದವಳು ಕಸ್ತೂರಿ. ಅವಳೂ ಅವಳಣ್ಣ ಮಾಲತೇಶನೂ ಒಂದೇ ಟೇಲರ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅವಳದು ಹೊಲಿಗೆ, ಅವನದು ಕಾಜಾ ಗುಂಡಿ. ಮಾಲತೇಶನ ಕಣ್ಣಿನ ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬಂದಿತ್ತು. ನಿಧಾನವಾಗಿ ಪೂರ್ತಿ ಹೋಗುತ್ತದೆ, ಔಷಧವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮೊದಲ ಭಾಗವನ್ನು ಆಡಿ ಮುಗಿಸಿದ್ದ ಅವನಿಗೆ ಉಳಿದಿದ್ದ ಹುಚ್ಚು ಒಂದೇ: ಕೋಟೆಯೊಳಗೆ ಏನಾಯಿತು, ತಂಗಿ ಸಿಕ್ಕಳೋ ಇಲ್ಲವೋ, ಕಣ್ಣಿರುವಾಗಲೇ ನೋಡಬೇಕು.

"ಅಣ್ಣಗ ಹೇಳಿಲ್ರಿ, ಒಮ್ಮೆಲೆ ಕೈಯಾಗ ಇಡಾಕಿ ನಾ," ಎಂದು ಕಸ್ತೂರಿ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡಳು. ನಜೀರಸಾಬರು ಏನೋ ಹೇಳಲು ಬಾಯಿ ತೆರೆದರು. ಅವಳ ಮುಖದ ಮೇಲಿನ ಸಂತೋಷ ನೋಡಿ ದುಡ್ಡು ಎಣಿಸಿಕೊಂಡರು. ಹೇಳಬೇಕಿತ್ತು.

ಮರುದಿನ ರವಿವಾರ. ಹಾಡುಹಗಲಿನಲ್ಲಿ ಮಾಲತೇಶ ನನ್ನನ್ನು ಒರೆಸಿ, ಹಣೆಗೊತ್ತಿಕೊಂಡು ಗೇಮಿನ ಪೆಟ್ಟಿಗೆಯೊಳಗಿಟ್ಟ. ನಾನು ತಿರುಗಿದೆ. ಕೋಟೆಯ ಬಾಗಿಲು ತೆರೆಯಿತು, ಹಿಂದೆಯೇ ನನ್ನ ಕತ್ತಲೆ ಬಂತು. ಅವನು ಕಣ್ಣುಜ್ಜಿಕೊಂಡ. ನೀರು ಹಾಕಿ ತೊಳೆದುಕೊಂಡು ಬಂದು ಮತ್ತೆ ನೋಡಿದ. ಎದ್ದು ಟಿವಿಯ ಗಾಜನ್ನು ಅಂಗೈಯಿಂದ ತಡವಿದ. ಆಮೇಲೆ ಆಟ ಆಡಿಸುವ ಕೈಕೋಲನ್ನು ಮೆಲ್ಲಗೆ ನೆಲದ ಮೇಲಿಟ್ಟ.

"ಕಸ್ತೂರಿ, ಮುಗೀತವಾ. ನಡುವಿನ ನೋಟಾನೂ ಹೋತು, ಟಿವ್ಯಾಗ ಏನೂ ಕಾಣವಲ್ದು."

ನಿನ್ನ ಕಣ್ಣಲ್ಲಪ್ಪಾ, ನಾನು! ಎಂದು ಕೂಗಬೇಕೆನಿಸಿತು. ಆದರೆ ನನಗೆ ಬರುವುದು ತಿರುಗುವುದೊಂದೇ. ಇದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗಿದೆ, ತಿರುಗಿದಷ್ಟೂ ಕತ್ತಲೆಯೇ ಬಂತು. ಒಲೆಯ ಮುಂದಿದ್ದ ಕಸ್ತೂರಿ ಓಡಿಬಂದಳು. ಅವಳ ಕಣ್ಣು ಅಣ್ಣನ ಮುಖದ ಮೇಲಿತ್ತು, ಟಿವಿಯ ಕಡೆ ಅವಳು ನೋಡಲೇ ಇಲ್ಲ.

ಮಾಲತೇಶ ಕೆಲಸಕ್ಕೆ ಹೋಗುವುದನ್ನು ಬಿಟ್ಟ. ಸೂಜಿಗಳ ಡಬ್ಬಿಯನ್ನು ತಂಗಿಯ ಕೈಗೆ ಕೊಟ್ಟ. ಗೋಡೆ ನೋಡಿಕೊಂಡು ಮಲಗಿದವನು ತಟ್ಟೆ ಮುಂದಿಟ್ಟರೂ ಏಳಲಿಲ್ಲ. ಇನ್ನೂ ನೋಡಬಲ್ಲ ಕಣ್ಣನ್ನು ಅವನು ಮುಚ್ಚಿಕೊಂಡೇ ಇದ್ದ. ಅದಕ್ಕೆ ಕಾರಣ ನಾನು, ನನ್ನ ಯಜಮಾನರ ಹಬ್ಬದ ಅವಸರ.

ಸಿಟ್ಟಿನಿಂದ ಕಸ್ತೂರಿ ನನ್ನನ್ನು ನಜೀರಸಾಬರ ಮುಂದೆ ಕುಕ್ಕಿದಳು. "ತಗೋರಿ ನಿಮ್ದ. ಇದನ್ನ ಹಾಕಿದ ದಿನಾನ ನಮ್ಮಣ್ಣನ ಕಣ್ಣು ಹೋದ್ವು."

ಸಾಬರು ಬೆಚ್ಚಿದರು. "ಅಯ್ಯ ತಂಗೆವ್ವ, ಅದು ಎಲ್ಲಾರಿಗೂ ಕತ್ತಲೀನ! ಈ ಗೇಮೇ ಹಂಗ. ಅವತ್ತ ನಾ ಹೇಳಬೇಕಿತ್ತು."

ಅಂಗಡಿಗೆ ಬೀಗ ಹಾಕಿ, ನನ್ನನ್ನೂ ಎತ್ತಿಕೊಂಡು ಅವಳೊಡನೆಯೇ ಬಂದರು. ಮಾಲತೇಶನನ್ನು ಎಬ್ಬಿಸಿ ಕೂರಿಸಿ, ತಾವೇ ಆಡಲು ಕುಳಿತರು. ವೀರ ಮೂರು ಹೆಜ್ಜೆ ಇಟ್ಟು ಹಳ್ಳಕ್ಕೆ ಬಿದ್ದ. ಮತ್ತೆ ಬಿದ್ದ. "ನೋಡಪಾ, ಈ ದಪ್ಪ ಚಾಳೀಸ ಕನ್ನಡಕ ಹಾಕ್ಕೊಂಡರೂ ನನಗೂ ಕಾಣವಲ್ದು," ಎಂದರು. ಕಸ್ತೂರಿ ಆಡಿದಳು, ಅವಳೂ ಬಿದ್ದಳು. ಮಾಲತೇಶ ಬಿದ್ದೂ ಬಿದ್ದೂ ನಕ್ಕ. "ಹಾಳ್ ಗೇಮ! ನಾ ಕುರುಡ ಆದ್ನೆಪಾ ಅನ್ಕೊಂಡಿದ್ದೆ." ಬೈಗುಳ ಕೇಳಿ ನನಗೆ ಖುಷಿಯಾದದ್ದು ಅದೇ ಮೊದಲು.

ಮರುದಿನ ಅವನು ಕೆಲಸಕ್ಕೆ ಹೋದ. ಆಮೇಲೆ ರವಿವಾರ ಬಂದರೆ ಅಣ್ಣ ತಂಗಿ ನನ್ನ ಮುಂದೆ ಕೂರುತ್ತಿದ್ದರು. ಕೋಲು ಅವನ ಕೈಯಲ್ಲಿ, ಕಣ್ಣು ಅವಳದು. "ಎಡಕ್ಕ. ಹಾರು. ಹೊಡಿ, ಹೊಡಿ!" ಬಿದ್ದು ಬಿದ್ದು ಹಳ್ಳಗಳೆಲ್ಲ ಅವಳಿಗೆ ಬಾಯಿಪಾಠವಾದವು. ಹೀಗೆ ಬಹಳ ಕಾಲ ನಡೆಯಿತು. ಅಷ್ಟರಲ್ಲಿ ಅವನ ಕಣ್ಣು ನಿಜವಾಗಿಯೂ ಆರುತ್ತಿತ್ತು. ಕಾಜಾ ಕೆಲಸ ಬಿಟ್ಟುಹೋಯಿತು. ಕೊನೆಗೆ ಬಾಗಿಲ ಹೊರಗಿನ ಬಿಸಿಲಷ್ಟೇ ಮಸುಕಾಗಿ ಗೊತ್ತಾಗುತ್ತಿತ್ತು. ಆದರೂ ನನ್ನ ಮುಂದೆ ಕುಳಿತಾಗ ಕೇಳುತ್ತಿದ್ದ: "ಇನ್ನೂ ಕತ್ತಲೀನ ಐತೇನು?"

"ಹೂಂ ಅಣ್ಣಾ. ಈ ಗೇಮೇ ಹಂಗ."

ಆ ಮಾತು ಕೇಳಿದರೆ ಅವನ ಭುಜ ಸಡಿಲವಾಗುತ್ತಿತ್ತು. ನನ್ನ ಮುಂದೆ ಮಾತ್ರ ಅವನು ಎಲ್ಲರಂತೆ ಇದ್ದ.

ಒಂದು ಮಧ್ಯಾಹ್ನ ಅವರು ಕೊನೆಯ ಬಾಗಿಲಿಗೆ ಬಂದೇಬಿಟ್ಟರು. ಒಳಗಿನ ದೀಪಗಳು ನೆನಪಾಗಿ ನನಗೆ ಜೀವವೇ ಹಾರಿಹೋಯಿತು. ಬೇಡ, ಇಲ್ಲೇ ಬೀಳು, ಸಾಯಿ ಎಂದು ವೀರನನ್ನು ಬೇಡಿಕೊಂಡೆ. ಮೈಮೇಲಿನ ಗೀರುಗಳಲ್ಲಿ ಸಿಕ್ಕಿಕೊಂಡು ನಿಂತುಬಿಡಲು ನೋಡಿದೆ. ಆಗಲಿಲ್ಲ. ಬಾಗಿಲು ತೆರೆಯಿತು. ಸಾವಿರ ದೀಪ ಒಮ್ಮೆಗೇ ಹೊತ್ತಿಕೊಂಡು, ಬೆಳಕು ಟಿವಿಯಿಂದ ಚೆಲ್ಲಿ ಅಣ್ಣತಂಗಿಯರ ಮುಖದ ಮೇಲೆ ಬಿತ್ತು. ಕಸ್ತೂರಿ ಕಣ್ಣು ಕಿರಿದು ಮಾಡಿದಳು. ಮಾಲತೇಶನ ಕಣ್ಣು ಮಿಟುಕಲಿಲ್ಲ.

"ಯಾಕ ಸುಮ್ಮನಾದಿ? ತಂಗಿ ಸಿಕ್ಕಳೇನು?"

"ಸಿಕ್ಕಳಣ್ಣಾ. ಇಲ್ಲೇ ಅದಾಳ."

"ಅಕಿ ಮಾರಿ ಕಾಣ್ತೈತೇನು?"

ಕಸ್ತೂರಿ ದೀಪಗಳನ್ನು ನೋಡಿದಳು, ಅಣ್ಣನನ್ನು ನೋಡಿದಳು. ಅವಳ ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ಎಂದಿನಂತಿತ್ತು.

"ಇಲ್ಲಣ್ಣಾ. ಇಲ್ಲೂ ಕತ್ತಲೀನ."

"ಹಾಳ್ ಗೇಮ," ಎಂದು ಅವನು ನಕ್ಕ. ಅವಳು ಎದ್ದು ಟಿವಿ ಆರಿಸಿದಳು.

ಈಗ ನಾನು ಸೂಜಿ ಡಬ್ಬಿಯ ಪಕ್ಕದಲ್ಲಿ ಮಲಗಿದ್ದೇನೆ. ಅವರು ಮತ್ತೆ ನನ್ನನ್ನು ಆಡಲಿಲ್ಲ. ಕತ್ತಲೆಯೆಂದು ಲೋಕವೆಲ್ಲ ನನ್ನನ್ನು ಬೈಯಿತು, ಬೈಯಲಿ. ನನ್ನಲ್ಲಿದ್ದ ಒಂದೇ ಒಂದು ಬೆಳಕು ಆ ಕಡೆಯ ಕೋಣೆಯದು. ಆ ಮಧ್ಯಾಹ್ನ ಅದನ್ನೂ ಊದಿ ಆರಿಸಲು ನನಗೆ ಬಾಯಿ ಇರಲಿಲ್ಲ, ಕಸ್ತೂರಿಗೆ ಇತ್ತು.