ಲಗಮಣ್ಣನ ಕಾಟಾದ ಕಂಪ್ಯೂಟರ್

ಗಂಡನ ದಿನಕರ್ಮಕ್ಕೆ ಬಂದವರೆಲ್ಲ ನಿನ್ನೆ ಊರಿಗೆ ಹೋದರು. ಬೆಳಿಗ್ಗೆ ಎದ್ದು ಬಟ್ಟೆಯಲ್ಲಿ ನೀರು ಸೋಸಿದೆ. ಕೊಡದ ಜೊತೆಗೆ ಸಂದೇಶ ಕಚೇರಿಗೆ ಒಯ್ಯುತ್ತಿದ್ದ ಬಾಟಲಿಯನ್ನೂ ತುಂಬಿಬಿಟ್ಟಿದ್ದೆ. ಹಾಗೇ ಇಟ್ಟೆ.

ಅತ್ತೆ ಸುಗಂಧಾ ಚಹಾ ತಂದರು. "ಲಗಮಣ್ಣ ಮತ್ತ ಬಂದಿದ್ದ. ಕುಂತ, ಎದ್ದ, ಹೋದ. ಏನೂ ಕೇಳಲಿಲ್ಲ."

ಅವನಿಗೆ ಬೇಕಾದದ್ದು ನನಗೆ ಗೊತ್ತಿತ್ತು. ಶಿರಗುಪ್ಪಿಯಲ್ಲಿ ಲಗಮಣ್ಣನದು ಕಬ್ಬು ತೂಗುವ ಕಾಟಾ. ಕಬ್ಬಿನ ಹಂಗಾಮು ಮುಗಿದಾಗ ಅದರ ಕಂಪ್ಯೂಟರನ್ನು ನನ್ನ ಗಂಡ ಸಂದೇಶ ತನ್ನ ಪಿಂಚಣಿ ಕಚೇರಿಗೆ ಎರವಲು ತಂದಿದ್ದ. ಅಲ್ಲಿಯ ಸರ್ಕಾರಿ ಯಂತ್ರ ಕೆಟ್ಟಿತ್ತು. ಪಿಂಚಣಿಯ ಹಳೆಯ ಪ್ರೋಗ್ರಾಂ ಹೊಸ ಯಂತ್ರಗಳಲ್ಲಿ ಓಡದು. ಲಗಮಣ್ಣನದು ಅಷ್ಟೇ ಹಳೆಯದು. ಈಗ ಮತ್ತೆ ಹಂಗಾಮು. ಕಾಟಾದ ಮುಂದೆ ಟ್ರ್ಯಾಕ್ಟರುಗಳು ನಿಂತಿವೆ.

ಸ್ಕ್ರೂಡ್ರೈವರ್ ಹಿಡಿದು ಕಚೇರಿಗೆ ಹೋದೆ.

ಮುಖ್ಯಸ್ಥ ಸಂಜಯ ಸಾಹೇಬರು ಎದ್ದು ನಿಂತರು. "ಬರ್ರಿ ತಂಗಿ. ಅನುಕಂಪದ ನೌಕರಿ ವಿಷಯ ಏನ್ರಿ?"

"ಕಂಪ್ಯೂಟರ್ ಒಯ್ಯಾಕ ಬಂದೀನ್ರಿ."

"ಒಯ್ದ್ರ ಆಫೀಸ ಬಂದ್ ಆಕ್ಕೈತಿ!"

"ಹೊಸದಕ್ಕ ರೊಕ್ಕ ಕೇಳ್ರಿ."

"ಕೇಳೇವ್ರಿ, ಪ್ರತಿ ವರ್ಷ. ಮ್ಯಾಲಿನವರು ಒಂದ ಮಾತು ಕೇಳ್ತಾರ, ಕೆಲಸ ನಿಂತೈತೇನು? ಇಲ್ಲ ಅಂತೀವಿ. ಹಂಗಾದ್ರ ಅನುದಾನ ಮುಂದಿನ ವರ್ಷ ಅಂತಾರ."

"ನಿಂತಿಲ್ಲ ಅಂತ ಯಾಕ ಹೇಳ್ತೀರಿ?"

"ಸಂದೇಶ ನಡಸಾಕತ್ತಿದ್ನಲ್ರಿ!"

ಹೌದು. ಬೇಡಿ ತಂದು, ಬೆಸೆದು, ರವಿವಾರವೂ ಹೋಗಿ ನಡೆಸಿದ. ಅವನು ನಡೆಸಿದಷ್ಟು ದಿನ ಯಾರೂ ಏನೂ ಕೊಡಲಿಲ್ಲ.

ಕಂಪ್ಯೂಟರ್ ರಿಪೇರಿ ನಾನೂ ಕಲಿತವಳೇ. ವೈರು ಕಿತ್ತೆ, ಮುಚ್ಚಳ ಬಿಚ್ಚಿದೆ. ಸರ್ಕಾರದ ಹಾರ್ಡ್ ಡಿಸ್ಕ್ ತೆಗೆದು ಸಾಹೇಬರ ಮುಂದಿಟ್ಟೆ. "ಇದು ನಿಮ್ಮದು. ಎಲ್ಲಾರ ಮಾಹಿತಿ ಇದರಾಗ ಐತಿ. ಹೊಸದು ಬಂದ ಮ್ಯಾಲ ಹಚ್ಚಿಕೊಳ್ರಿ." ಲಗಮಣ್ಣನ ಡಿಸ್ಕ್ ಸಂದೇಶನ ಡ್ರಾಯರಿನಲ್ಲಿತ್ತು, ಅವನ ಕರವಸ್ತ್ರದಲ್ಲಿ ಸುತ್ತಿ. ಕೂಡಿಸಿದೆ.

ಸಾಹೇಬರ ದನಿ ಬದಲಾಯಿತು. "ನಿಮ್ಮ ನೌಕರಿ ಅರ್ಜಿ ನನ್ನ ಕೈಯಾಗಿಂದನ ಮುಂದ ಹೋಗೂದು. ನೆನಪಿರ್ಲಿ."

"ಕಳಸ್ರಿ. ಯಾವ ಕಂಪ್ಯೂಟರಿನ್ಯಾಗ ಟೈಪ್ ಮಾಡ್ತೀರಿ?"

ಬಾಗಿಲತನಕ ಪಾಳಿ ಹಚ್ಚಿ ನಿಂತಿದ್ದ ಜನ ನಕ್ಕರು. ಅವರ ಕೆಲಸವೂ ನಿಲ್ಲುತ್ತದೆ. ಪಿಂಚಣಿಗೆ ಬಂದ ಮುದುಕಿ ಸೋನಾಬಾಯಿಯ ಮುಖ ನೋಡಲಾಗಲಿಲ್ಲ.

"ಆಯಿ, ನಿಮಗ ತ್ರಾಸ ಆಕ್ಕೈತಿ," ಅಂದೆ.

"ಈಗೇನ ಸುಖಾ ಸುರದೈತಿ? ಒಯ್ಯಿ ಬೇ," ಅಂದಳು. ಆಮೇಲೆ ಸಾಹೇಬರಿಗೆ, "ಸತ್ತವನ ಹೆಗಲ ಮ್ಯಾಲ ಇನ್ನೆಷ್ಟ ದಿನ ಕುಂದರ್ತಿ ಸಾಹೇಬ? ಮ್ಯಾಲಿನವರಿಗೆ ಫೋನ್ ಹಚ್ಚು. ನಾವೂ ಕೇಳ್ತೇವಿ." ಬಾಗಿಲಲ್ಲೇ ಕೂತಳು. ಉಳಿದವರೂ ಕೂತರು.

ಯಂತ್ರ ಹೊತ್ತು ಅವರ ನಡುವೆ ದಾಟಿದೆ. ಹಿಂದೆ ಸಾಹೇಬರು ಫೋನಿನಲ್ಲಿ ಹೇಳುತ್ತಿದ್ದರು: "ಹೌದ್ರಿ ಸರ್... ಇಲ್ರಿ, ಪೂರಾ ನಿಂತೈತ್ರಿ."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೆ.

ಲಗಮಣ್ಣ ಕಾಟಾದ ಖೋಲಿಯಿಂದ ಓಡಿಬಂದ. "ನೀವ್ಯಾಕ ಹೊತ್ತ ತಂದ್ರಿ? ನಾ ಕೇಳಿಲ್ಲಲ್ರಿ."

"ಅದಕ್ಕ ತಂದೆ."

"ಆಫೀಸು?"

"ನಿಂತೈತಿ."

ಮೇಜಿನ ಮೇಲಿಟ್ಟು ವೈರು ಜೋಡಿಸಿದೆ. ಹೊರಗೆ ಟ್ರ್ಯಾಕ್ಟರಿನವನು ಹಾರ್ನ್ ಒತ್ತಿದ.

"ಚಾಲೂ ಮಾಡ್ಲ್ಯಾ?" ಅಂದ ಲಗಮಣ್ಣ.

"ಮಾಡ್ರಿ. ನಿಮ್ಮದು."