ಐದನೇ ಚಿತ್ರ

ಅಗೋ, ಸುಚಿತ್ರಾ ಮತ್ತೆ ಕಣ್ಣು ಮುಚ್ಚಿಕೊಂಡಳು, ತುಟಿಯಷ್ಟೇ ಅಲ್ಲಾಡುತ್ತಿದೆ, ಹಸು, ಕೊಡ, ಮೊಲ, ಬುಟ್ಟಿ — ಅಲ್ಲಿ ತಡೆದಳು, ಹೇಳಿದ ಚಿತ್ರಗಳಿಗೆ ಗುರುತು ಹಾಕುತ್ತಿದ್ದ ಆಸ್ಫಿಯಾಳ ಪೆನ್ನೂ ತಡೆಯಿತು — ಗಡಿಯಾರ, ಬಾಳೆಹಣ್ಣು, ಹೀಗೆ ಹತ್ತರವರೆಗೂ ಸರಿ, ಐದನೆಯದೊಂದು ಬಿಟ್ಟು. ಹೋದ ವಾರ ಹದಿನಾಲ್ಕು ಮಕ್ಕಳು, ಹದಿನಾಲ್ಕಕ್ಕೂ ಐದನೆಯದೇ ಮರೆಯಿತೆಂದರೆ ಯಾರನ್ನು ನಂಬಿಸುತ್ತೀರಿ ಯೋಗೇಶ್ ಮೇಷ್ಟ್ರೇ? ಆಸ್ಫಿಯಾಳದು ಶಿಕ್ಷಣ ಮನೋವಿಜ್ಞಾನದ ಎಂ.ಎ., ಮಕ್ಕಳ ನೆನಪಿನ ಮೇಲೆ ಪ್ರಬಂಧ, ಹತ್ತು ಚಿತ್ರ ತೋರಿಸಿ ಹೇಳಿಸಿದರೆ ಮುಗಿಯಿತು ಎಂದುಕೊಂಡು ಸಕಲೇಶಪುರದಿಂದ ಹಾನುಬಾಳಿನ ಈ ಎಸ್ಟೇಟ್ ಶಾಲೆಗೆ ಬಂದಳಲ್ಲ, ಹೋದ ವಾರ ಪರೀಕ್ಷೆಯ ಹಿಂದಿನ ದಿನ ಚಿತ್ರಗಳ ಕಟ್ಟನ್ನು ಶಾಲೆಯ ಬೀರುವಿನಲ್ಲೇ ಬಿಟ್ಟು ಹೋದಳಲ್ಲ, ಅದರ ಕೀಲಿ ಯಾರ ಜೇಬಿನಲ್ಲಿ? ತಾತ್ಕಾಲಿಕ ಮೇಷ್ಟ್ರು, ಹೆಸರು ಬೇಕು, ಬಾಯಿಪಾಠ ಮಾಡಿಸಿದ್ದಾರೆ, ಮಾಡಿಸುವಾಗ ತಾವೇ ಒಂದನ್ನು ನುಂಗಿದ್ದಾರೆ. ನಮ್ ಲೈನಿನ್ ಮಕ್ಳು ಬಲೇ ಚುರುಕು ಕಣ್ರೀ ಮೇಡಂ — ಆ ನಗು, ಕೇಳದಿದ್ದರೂ ತಂದಿಡುವ ಆ ಕಾಫಿ, ತಪ್ಪಿಲ್ಲದವರು ಇಷ್ಟು ಉಪಚಾರ ಮಾಡುತ್ತಾರೆಯೇ? ಬೆಳಿಗ್ಗೆ ಜೀಪಿನಲ್ಲೇ ಪ್ರಬಂಧದ ಗೈಡ್ ದೇವೇಂದ್ರ ಸರ್‌ಗೆ ಬರೆದು ಕಳಿಸಿದ್ದೂ ಆಯಿತು, ಮೇಷ್ಟ್ರೇ ಹೇಳಿಕೊಟ್ಟಿದ್ದಾರೆ ಸರ್, ಅನುಮಾನವೇ ಇಲ್ಲ. ಆದರೆ ಇವತ್ತಿನ ಚಿತ್ರಗಳು ಹೊಸವು, ಅವಳ ಚೀಲದಿಂದ ಈಗಷ್ಟೇ ಹೊರಬಂದವು, ಆಗ ಐದನೆಯದು ಛತ್ರಿ, ಇವತ್ತು ಕೋಳಿ, ಕೋಳಿಯನ್ನು ಮೇಷ್ಟ್ರು ನೋಡೇ ಇಲ್ಲ, ಹಾಗಾದರೆ — ಐದನೇದು ಏನಾಯ್ತು ಪುಟ್ಟಿ? ಇಟ್ಟಿದೀನಿ ಮಿಸ್. ಎಲ್ಲಿ? ಐದ್ನೇ ಮನೇಲಿ, ನಮ್ ಲೈನಲ್ಲಿ, ಕಣ್ಮುಚ್ಕಂಡು ಮೊದಲ್ನೇ ಮನೇಲಿ ಹಸ ಕಟ್ದೆ, ಎರಡ್ನೇ ಮನೇಲಿ ಕೊಡ ಇಟ್ಟೆ, ಈರಮ್ಮಜ್ಜಿ ನಮ್ಗೆಲ್ಲ ಹಂಗೇ ಹೇಳ್ಕೊಟ್ಟೈತೆ. ಈರಮ್ಮ, ತಾಯಂದಿರು ಕಾಫಿ ಹಣ್ಣು ಕುಯ್ಯಲು ಹೋದಾಗ ಲೈನಿನ, ಆ ಕೂಲಿಯವರ ಸಾಲುಮನೆಗಳ ಮಕ್ಕಳನ್ನೆಲ್ಲ ಸಾಕುವ ಮುದುಕಿ, ಅಕ್ಷರ ಬಾರದವಳು, ಯಾವ ಮಗುವಿಗೆ ಏನು ಬೇಕೆಂಬುದನ್ನು ಮನೆಮನೆ ದಾಟುತ್ತಾ ನೆನಪಿಡುವವಳು, ಆಸ್ಫಿಯಾ ಒಂದು ನಮಸ್ಕಾರ ಹಾಕಿ ಮುಂದೆ ಹೋಗಿದ್ದಳು, ಅವಳನ್ನೇನು ಕೇಳುವುದೆಂದು. ಸರಿ, ಐದನೇ ಮನೆಯದನ್ನೂ ತೆಗೆದು ಹೇಳು ಮತ್ತೆ. ಆಗಲ್ಲ ಮಿಸ್, ಆ ಮನೆಯವ್ರು ಹೊಂಟೋಗ್ಬುಟ್ರು, ಬೀಗ ಜಡಿದೈತೆ, ಕಿಟ್ಕೀಲಿ ಒಳಕ್ಕೆ ಹಾಕ್ದೆ, ಈಚೆಗೆ ತೆಗ್ಯಕ್ಕಾಗಲ್ಲ.

ನಾಚಿಕೆ, ಕಿವಿಯವರೆಗೂ ಉರಿಯುವ ನಾಚಿಕೆ, ಹದಿನಾಲ್ಕು ಮಕ್ಕಳು, ಒಂದೇ ಲೈನು, ಒಂದೇ ಬೀಗ, ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದವು — ಮೊಬೈಲ್ ನಡುಗಿತು, ದೇವೇಂದ್ರ ಸರ್, ಎಸ್ಟೇಟ್ ಮ್ಯಾನೇಜರಿಗೆ ಹೇಳಿದ್ದೇನೆ, ಆ ಮೇಷ್ಟ್ರು ನಾಳೆಯಿಂದ ಬರೋದಿಲ್ಲ, ನೀವು ನಿಶ್ಚಿಂತೆಯಿಂದ ಬರೀರಿ. ಜಗಲಿಯಲ್ಲಿ ಯೋಗೇಶ್ ಮೇಷ್ಟ್ರು ಲೋಟ ತೊಳೆಯುತ್ತಿದ್ದಾರೆ, ಇನ್ನೂ ಗೊತ್ತಿಲ್ಲ, ಮೇಡಂ ಸಕ್ರೆ ಒಂದು ಚಮಚ ಅಲ್ವಾ? ತಪ್ಪು ನನ್ನದು ಸರ್ ಎಂದು ಬರೆಯಬೇಕು, ಈಗಲೇ, ಬರೆದ ಮಾತ್ರಕ್ಕೆ ಮ್ಯಾನೇಜರು ಕೇಳುತ್ತಾನೆಯೇ, ಕಳಿಸಿದ ಮಾತು, ಅದೂ ಆ ಕೋಳಿಯ ಹಾಗೆ ಕಿಟಕಿಯಿಂದ ಒಳಕ್ಕೆ ಹಾಕಿದ್ದು, ಒಳಗೇ ಇದೆ, ಬಾಗಿಲು, ಬಾಗಿಲಿಗೆ ಬೀಗ, ಬೀಗ —